ಗಗನಯಾತ್ರಿಗಳ ಸಹಿ ಕೊಳ್ಳುವ ಮೊದಲು ನಾಲ್ಕು ಜನಕ್ಕೆ ತೋರಿಸಿ

ಅಮೆರಿಕ ಚಂದ್ರನಿಗೆ ಜನರನ್ನು ಕಳಿಸಿದ ಅಪೊಲೊ ಯೋಜನೆಯ ಗಗನಯಾತ್ರಿಗಳ ಸಹಿ ಇರುವ ಫೋಟೊ ಸಿಕ್ಕರೆ ತಕ್ಷಣ ದುಡ್ಡು ಕೊಡಬೇಡಿ, ಮೊದಲು ಸ್ಕ್ಯಾನ್ ಕೇಳಿ ಪಡೆದು ಬೇರೆ ಸಂಗ್ರಾಹಕರಿಗೆ ಕಳಿಸಿ. ಅಭಿಮಾನಿಗಳ ಪತ್ರ ರಾಶಿ ಬೀಳುತ್ತಿದ್ದ ಆ ಕಾಲದಲ್ಲಿ ಆಟೊಪೆನ್ ಅನ್ನುವ ಯಂತ್ರದಿಂದಲೂ ಸಹಿ ಹಾಕಿಸುತ್ತಿದ್ದರು. ಅದು ನಿಜವಾದ ಪೆನ್ನಿನಲ್ಲೇ ಬರೆಯುತ್ತದೆ, ಹಾಗಾಗಿ ಶಾಯಿ ನೋಡಿ ಸುಮ್ನೆ ನಂಬಬೇಡಿ. ಕೈಯಲ್ಲಿ ಹಾಕಿದ ಎರಡು ಸಹಿ ಯಾವತ್ತೂ ತದ್ರೂಪ ಇರುವುದಿಲ್ಲ ಅಲ್ವಾ? ಸ್ನೇಹಿತರ ಪ್ರತಿಯ ಮೇಲೆ ನಿಮ್ಮದನ್ನು ಇಟ್ಟಾಗ ಗೆರೆ ಗೆರೆ ಕೂಡಿದರೆ ಯಂತ್ರದ್ದೇ ಅಂದುಕೊಳ್ಳಿ. ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ ಇದು. ಆರ್ಮ್‌ಸ್ಟ್ರಾಂಗ್ 1994ರ ಹೊತ್ತಿಗೆ ಸಹಿ ಕೊಡುವುದನ್ನೇ ನಿಲ್ಲಿಸಿದ್ದರು, ಅವರದ್ದಾದರೆ ಇನ್ನೂ ಜಾಸ್ತಿ ಹುಷಾರು. ನೋಡಿಕೊಟ್ಟವರು ವಿದೇಶದವರಾದರೆ ನಮ್ಮ 1975ರ ಆರ್ಯಭಟ ಅಂಚೆಚೀಟಿ ಒಂದು ಕಳಿಸಿ, ಖುಷಿಪಡುತ್ತಾರೆ.