ಟ್ರ್ಯಾಕ್‌ನಲ್ಲಿ ಬಿದ್ದ ಬೈಕಿಗೆ ವಿಮೆಯಿಲ್ಲ, ಬಿದ್ದವನಿಗೆ ಇದೆ: ನನ್ನ ಅನುಭವ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ತರಬೇತಿಗೆಂದು ಬೈಕ್ ಓಡಿಸುತ್ತಾ ಮೊದಲ ಸಲ ಬಿದ್ದಾಗ ನನ್ನ ಬೈಕಿಗೆ ಕಾಂಪ್ರಹೆನ್ಸಿವ್ ಪಾಲಿಸಿ ಚಾಲ್ತಿಯಲ್ಲಿತ್ತು. ಆದರೂ ರಿಪೇರಿಯ ಸುಮಾರು 68,000 ರೂಪಾಯಿಯನ್ನು ನಾನೇ ಕಟ್ಟಬೇಕಾಯಿತು. ಟ್ರ್ಯಾಕಿಗೆ ಇಳಿಯುವ ಮುನ್ನ ಹೆಡ್‌ಲೈಟಿಗೆ ಟೇಪು ಅಂಟಿಸಿ ಕನ್ನಡಿಗಳನ್ನು ಬಿಚ್ಚಿದ್ದೆ. ಹಾನಿ ಅಳೆಯಲು ವಿಮಾ ಕಂಪನಿಯಿಂದ ಬಂದ ಸರ್ವೇಯರ್ ಬೈಕನ್ನು ಒಂದು ಸುತ್ತು ಬಂದು, ಹೆಡ್‌ಲೈಟಿನ ಮೇಲೆ ಉಳಿದಿದ್ದ ಟೇಪಿನ ಅಂಟನ್ನು ಉಗುರಿನಿಂದ ಕೆರೆದು ನೋಡಿ, ಕನ್ನಡಿಗಳನ್ನು ಯಾವಾಗ ಬಿಚ್ಚಿದಿರಿ ಎಂದು ಕೇಳಿದರು. ನಾನು ಇದ್ದದ್ದನ್ನೇ ಹೇಳಿದೆ. ಹೆದ್ದಾರಿಯಲ್ಲಿ ಜಾರಿ ಬಿದ್ದೆನೆಂದು ಬರೆದುಕೊಡಬಹುದಿತ್ತು ಎಂದು ಗೆಳೆಯರು ಇಂದಿಗೂ ಹೇಳುತ್ತಾರೆ. ಸುಳ್ಳು ಕ್ಲೇಮು ನನಗೆ ಆಗಲೂ ಬೇಡವಾಗಿತ್ತು, ಈಗಲೂ ಬೇಡ.

ಪಾಲಿಸಿಯಲ್ಲಿ ಬಳಕೆಯ ಮಿತಿಯನ್ನು ಹೇಳುವ ಭಾಗವು ಸಂಘಟಿತ ರೇಸಿಂಗ್, ಪೇಸ್ ಮೇಕಿಂಗ್ (ಬೇರೆಯವರಿಗೆ ವೇಗ ನಿಗದಿಸಲು ಮುಂದೆ ಓಡಿಸುವುದು), ಸ್ಪೀಡ್ ಟೆಸ್ಟಿಂಗ್ (ವೇಗದ ಪರೀಕ್ಷೆ), ರಿಲಯಬಿಲಿಟಿ ಟ್ರಯಲ್ (ವಾಹನದ ತಾಳಿಕೆಯ ಪರೀಕ್ಷೆ) ಇವೆಲ್ಲವನ್ನೂ ಹೊರಗಿಡುತ್ತದೆ. ಬಹುಮಾನವಿಲ್ಲದ ತರಬೇತಿಯಷ್ಟೇ ಎಂದು ಎರಡು ತಿಂಗಳು ಪತ್ರ ಬರೆದರೂ, ಲ್ಯಾಪಿನ ಸಮಯ ಅಳೆದಿದ್ದಾರೆ, ಆದ್ದರಿಂದ ಅದು ಸ್ಪೀಡ್ ಟೆಸ್ಟಿಂಗ್ ಎಂಬ ಉತ್ತರವೇ ಕಂಪನಿಯಿಂದ ಬಂತು. ಬಳಿಕ ರ‍್ಯಾಲಿಗಳಿಗೆಂದು ಇರುವ ಐಎಂಟಿ 31 ಎಂಬ, ಹೆಚ್ಚಿನ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ಎಂಡಾರ್ಸ್‌ಮೆಂಟನ್ನು ಹಾಕಿಸಲು ಹೊರಟೆ. ಅದರ ಷರತ್ತುಗಳಲ್ಲೂ ರೇಸಿಂಗ್ ಮತ್ತು ಸ್ಪೀಡ್ ಟೆಸ್ಟಿಂಗ್ ಹೊರಗೇ ಇರುವುದನ್ನು ಓದಿ, ದುಡ್ಡು ಕಟ್ಟದೆ ಹಿಂದಿರುಗಿದೆ.

ಅಲ್ಲಿಂದಾಚೆಗೆ ಬೈಕಿನ ಮಟ್ಟಿಗೆ ನಾನೇ ವಿಮಾ ಕಂಪನಿಯಾದೆ. ತಿಂಗಳಿಗೆ 2,500 ರೂಪಾಯಿಯನ್ನು ಬೇರೆ ಖಾತೆಗೆ ಹಾಕುತ್ತೇನೆ. ಬೈಕಿನ ಮೂಲ ಫೇರಿಂಗನ್ನು (ಪ್ಲಾಸ್ಟಿಕ್ ಹೊರಕವಚವನ್ನು) ಬಿಚ್ಚಿ ಮನೆಯಲ್ಲಿಟ್ಟು, ಫೈಬರ್ ಫೇರಿಂಗ್ ತೊಡಿಸಿಯೇ ಟ್ರ್ಯಾಕಿಗೆ ಇಳಿಯುತ್ತೇನೆ. ಎರಡನೆಯ ಸಲ ಬಿದ್ದಾಗ ಖರ್ಚು 31,000ದ ಆಸುಪಾಸಿನಲ್ಲಿ ಮುಗಿಯಿತು, ಖಾತೆಯಲ್ಲಿ ಇನ್ನೂ ಹಣ ಉಳಿದಿತ್ತು. ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿ ಶೇ. 50ರಷ್ಟು ಸವಕಳಿ ಕಳೆಯುವುದರಿಂದ, ಕ್ಲೇಮು ಒಪ್ಪಿದ್ದರೂ ಆ ಭಾಗಗಳ ಅರ್ಧ ಭಾರ ನನ್ನ ಮೇಲೆಯೇ ಬೀಳುತ್ತಿತ್ತು. ಮೇಲಾಗಿ, ಕ್ಲೇಮು ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ಸೂ ಹೋಗುತ್ತಿತ್ತು.

ಗೆಳೆಯರು ಯಾರೂ ನಂಬದಿದ್ದದ್ದು ಆರೋಗ್ಯ ವಿಮೆಯ ವಿಷಯವನ್ನು. ಅದರಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಡುವ ಎಕ್ಸ್‌ಕ್ಲೂಷನ್ 09 (Excl09) ಎಂಬ ಕಲಮಿದೆ, ಮೋಟಾರ್ ರೇಸಿಂಗಿನ ಹೆಸರೂ ಅದರಲ್ಲಿದೆ. ಆದರೆ ಅದು ಅನ್ವಯಿಸುವುದು ವೃತ್ತಿಪರನಾಗಿ ಭಾಗವಹಿಸಿದವನಿಗೆ. ಈ ಒಂದು ಪದವನ್ನು ಹಿಡಿದು, ಹವ್ಯಾಸಿಯಾದ ನನಗೆ ರಕ್ಷಣೆ ಇದೆಯೇ ಎಂದು ವಿಮಾ ಕಂಪನಿಯನ್ನು ಮೊದಲೇ ಇಮೇಲ್‌ನಲ್ಲಿ ಕೇಳಿ, ಇದೆ ಎಂಬ ಉತ್ತರವನ್ನು ಪಡೆದಿಟ್ಟುಕೊಂಡಿದ್ದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಕಾಲರ್‌ಬೋನ್ ಮುರಿದು ಪ್ಲೇಟು ಹಾಕಿಸಿದಾಗ ಬಿಲ್ಲು ಹೆಚ್ಚುಕಡಿಮೆ 2.4 ಲಕ್ಷವಾಯಿತು. ಆಸ್ಪತ್ರೆಯವರು ದಾಖಲೆಯಲ್ಲಿ ರೇಸ್ ಎಂದು ಬರೆದಿದ್ದರಿಂದ, ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ತಿರಸ್ಕೃತವಾಯಿತು. ಊರಿಗೆ ಬಂದು ಆ ಇಮೇಲನ್ನೂ, ತರಬೇತಿ ಶುಲ್ಕದ ರಸೀದಿಯನ್ನೂ, ನಾನು ವೃತ್ತಿಪರ ರೇಸರ್ ಅಲ್ಲ ಎಂದು ತೋರಿಸಲು ನನ್ನ ನೌಕರಿಯ ಸಂಬಳದ ಚೀಟಿಯನ್ನೂ ಲಗತ್ತಿಸಿ, ಕಟ್ಟಿದ ಹಣ ಮರಳಿ ಪಡೆಯಲು ರೀಇಂಬರ್ಸ್‌ಮೆಂಟಿಗೆ ಹಾಕಿದೆ. ಸುಮಾರು ಐದು ವಾರಗಳಲ್ಲಿ 2.2 ಲಕ್ಷ ಖಾತೆಗೆ ಬಂತು. ಕೈಗವಸು, ಬ್ಯಾಂಡೇಜುಗಳಂಥ ಸಣ್ಣಪುಟ್ಟ ಬಾಬತ್ತುಗಳನ್ನು ಮಾತ್ರ ಕಳೆದಿದ್ದರು.