ಸಣ್ಣ ಕಂಪನಿಗೆ ಬ್ಯಾಕಪ್ ಮೇಲ್ ಸರ್ವರ್: ನಾನು ಮಾಡಿದ ರೀತಿ

ಇಪ್ಪತ್ತು ಚಿಲ್ಲರೆ ಜನ ಇರುವ ಒಂದು ಕಂಪನಿಯ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಲಿನಕ್ಸ್ ಮೇಲೆ ಮೇಲ್ ತಗೊಂಡು ಕಳಿಸೋಕೆ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ಓದೋಕೆ ಡವ್‌ಕಾಟ್, ಸ್ಪ್ಯಾಮ್ ಹಿಡಿಯೋಕೆ ಸ್ಪ್ಯಾಮ್‌ಅಸ್ಯಾಸಿನ್. ಆರ್ಡರ್, ಬಿಲ್ಲು, ಕೊಟೇಶನ್ನು ಎಲ್ಲಾ ಮೇಲ್‌ನಲ್ಲೇ ಬರುತ್ತವೆ. ಇದಕ್ಕೊಂದು ಬ್ಯಾಕಪ್ ಸರ್ವರ್ (ಮುಖ್ಯ ಸರ್ವರ್ ಬಿದ್ದಾಗ ಹೊಸ ಮೇಲ್ ತಗೊಂಡು ಇಟ್ಟುಕೊಳ್ಳುವ ಇನ್ನೊಂದು ಸರ್ವರ್) ಹಾಕಿದ್ದು ಹೇಗೆ, ಯಾವ ಜಾಗದಲ್ಲಿ ಜಾಸ್ತಿ ಗಮನ ಕೊಡಬೇಕಾಯಿತು ಅಂತ ಬರೆಯುತ್ತಿದ್ದೇನೆ.

ಬ್ಯಾಕಪ್ ಇಲ್ಲದಿದ್ದರೆ ಮೇಲ್ ಕಳೆದೇ ಹೋಗುತ್ತದೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ನಮ್ಮ ಸರ್ವರ್ ಸಿಗದಿದ್ದರೆ ಕಳಿಸುವವರ ಸರ್ವರ್ ಆ ಮೇಲನ್ನು ತನ್ನ ಕ್ಯೂನಲ್ಲಿ, ಅಂದರೆ ಕಾಯುವ ಸಾಲಿನಲ್ಲಿ, ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಬೇಕು, ಕನಿಷ್ಠ 4-5 ದಿನ ಬಿಡಬಾರದು ಅಂತ ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಸಾಗಿಸುವ ಪದ್ಧತಿ) ನಿಯಮವೇ ಹೇಳುತ್ತದೆ. ಆದರೆ ಎಲ್ಲರೂ ಇದನ್ನು ಪಾಲಿಸುವುದಿಲ್ಲ. ವೆಬ್‌ಸೈಟ್‌ಗಳಿಂದ ತಾನಾಗಿ ಹೊರಡುವ ಮೇಲ್‌ಗಳಲ್ಲಿ ಕೆಲವು ಬೇಗ ಕೈಬಿಡುತ್ತವೆ. ಇನ್ನೊಂದು ಮಾತು, ಕ್ಯೂ ಬೇರೆಯವರ ಹತ್ತಿರ ಇದ್ದರೆ ನಮ್ಮ ಸರ್ವರ್ ಎದ್ದ ಮೇಲೂ ಅವರ ಮುಂದಿನ ಪ್ರಯತ್ನಕ್ಕೆ ಕಾಯುತ್ತಾ ಕೂರಬೇಕು. ನಮ್ಮದೇ ಬ್ಯಾಕಪ್‌ನಲ್ಲಿದ್ದರೆ ಯಾರ ಮೇಲ್ ಬಂದಿದೆ ಅಂತ ನೋಡಬಹುದು, ಬೇಕೆಂದಾಗ ಒಂದೇ ಸಲ ತಳ್ಳಬಹುದು. ನಾನು ಬ್ಯಾಕಪ್ ಹಾಕಿದ್ದು ಮುಖ್ಯವಾಗಿ ಈ ಹಿಡಿತಕ್ಕಾಗಿ.

ಇದು ಮೇಲ್‌ಬಾಕ್ಸ್‌ನ ಬ್ಯಾಕಪ್ ಅಲ್ಲ ಅನ್ನೋದನ್ನು ಕಂಪನಿಯವರಿಗೆ ಮೊದಲೇ ಬಿಡಿಸಿ ಹೇಳಿದೆ. ಮುಖ್ಯ ಸರ್ವರ್ ಬಿದ್ದಾಗ ಹಳೆಯ ಮೇಲ್ ಓದೋಕಾಗಲ್ಲ, ಹೊಸ ಮೇಲ್ ಮಾತ್ರ ಪಕ್ಕದಲ್ಲಿ ಭದ್ರವಾಗಿ ಕಾಯುತ್ತಿರುತ್ತದೆ. ಹಳೆಯ ಮೇಲ್‌ಗಳಿಗೆ ದಿನಾ ರಾತ್ರಿ ಬೇರೆ ಕಡೆ ಪ್ರತಿ ತೆಗೆಯುವ ಏರ್ಪಾಡು ಮಾಡಿದ್ದೇನೆ, ಅದು ಬೇರೆಯದೇ ಕೆಲಸ.

ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕುವ ವ್ಯವಸ್ಥೆ) ಮಾಡಬೇಕಾದ್ದು ಸ್ವಲ್ಪವೇ. ಎರಡು ಎಂಎಕ್ಸ್ ರೆಕಾರ್ಡ್ (ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ನಮೂದು), ಮುಖ್ಯ ಸರ್ವರ್‌ಗೆ 10, ಬ್ಯಾಕಪ್‌ಗೆ 20. ಸಂಖ್ಯೆ ಚಿಕ್ಕದಿದ್ದಷ್ಟೂ ಮೊದಲು ಅಲ್ಲಿಗೆ ಹೋಗುತ್ತದೆ. ಎಂಎಕ್ಸ್‌ನಲ್ಲಿ ಕೊಡುವ ಹೆಸರು ಸಿನೇಮ್ (ಇನ್ನೊಂದು ಹೆಸರನ್ನು ತೋರಿಸುವ ಅಡ್ಡಹೆಸರು) ಆಗಿರಬಾರದು, ಅದಕ್ಕೆ ನೇರವಾಗಿ ಐಪಿ ವಿಳಾಸ ಇರಬೇಕು. ಬ್ಯಾಕಪ್ ಸರ್ವರನ್ನು ಬೇರೆ ಹೋಸ್ಟಿಂಗ್ ಕಂಪನಿಯಲ್ಲಿ, ಬೇರೆ ಊರಿನ ಡೇಟಾ ಸೆಂಟರ್‌ನಲ್ಲಿ ತಗೊಂಡೆ. ಒಂದೇ ಕಟ್ಟಡದಲ್ಲಿ ಎರಡೂ ಇದ್ದರೆ ಏನು ಪ್ರಯೋಜನ ಹೇಳಿ? ಡಿಎನ್‌ಎಸ್ ಸರ್ವರ್‌ಗಳೂ ಎರಡು ಕಡೆ ಇರಬೇಕು, ಯಾಕೆಂದರೆ ಡಿಎನ್‌ಎಸ್ಸೇ ಸಿಗದಿದ್ದರೆ ಬ್ಯಾಕಪ್ ಇದೆ ಅಂತ ಹೊರಗಿನವರಿಗೆ ಗೊತ್ತಾಗೋದಾದರೂ ಹೇಗೆ. ಸರ್ವರ್ ತಗೊಳ್ಳುವ ಮುಂಚೆ ಸರ್ವರ್‌ಗಳ ನಡುವೆ ಮೇಲ್ ಓಡಾಡುವ 25ನೇ ಪೋರ್ಟ್ ಒಳಗೂ ಹೊರಗೂ ತೆರೆದಿದೆಯಾ ಅಂತ ಕೇಳಿಕೊಳ್ಳಿ. ಕ್ಲೌಡ್ ಕಂಪನಿಗಳು ಹೊರಹೋಗುವ 25ನ್ನು ಮುಚ್ಚಿಟ್ಟಿರುವುದು ಮಾಮೂಲಿ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಮುಖ್ಯ ಸರ್ವರ್ ಯಾವ ಮೇಲ್ ಬೇಡ ಅನ್ನುತ್ತದೋ ಬ್ಯಾಕಪ್ ಕೂಡ ಅದನ್ನೇ ಬೇಡ ಅನ್ನಬೇಕು. ಬಂದದ್ದನ್ನೆಲ್ಲಾ ತಗೊಳ್ಳುವ ಬ್ಯಾಕಪ್ ಇರೋದಕ್ಕಿಂತ ಬ್ಯಾಕಪ್ ಇಲ್ಲದಿರುವುದೇ ಎಷ್ಟೋ ಮೇಲು.

ಕಾರಣ ಹೇಳುತ್ತೇನೆ. ಬ್ಯಾಕಪ್‌ನಲ್ಲಿ ಕಾವಲು ಸಡಿಲ ಇರುತ್ತದೆ ಅಂತ ಸ್ಪ್ಯಾಮ್ ಕಳಿಸುವವರಿಗೆ ಗೊತ್ತು. ಮುಖ್ಯ ಸರ್ವರ್ ಚೆನ್ನಾಗಿ ನಡೆಯುತ್ತಿರುವಾಗಲೇ ಅವರು ಬೇಕಂತಲೇ 20ರ ಕಡೆಗೆ ಬರುತ್ತಾರೆ. ಎಂಎಕ್ಸ್ ರೆಕಾರ್ಡ್ ಸೇರಿಸಿದ ಮೇಲೆ ಬ್ಯಾಕಪ್‌ನ ಲಾಗ್ ತೆರೆದು ಕೂತಿದ್ದೆ. ಬರುತ್ತಿದ್ದದ್ದೆಲ್ಲಾ ಇನ್ಫೋ, ಅಡ್ಮಿನ್, ಸೇಲ್ಸ್ ಅಂತ ಊಹೆಯ ಮೇಲೆ ಕಟ್ಟಿದ ವಿಳಾಸಗಳಿಗೆ. ಈಗ ಬ್ಯಾಕಪ್ ಇಂಥದ್ದನ್ನು ತಗೊಂಡು ಮುಖ್ಯ ಸರ್ವರ್‌ಗೆ ಕಳಿಸಿತು ಅಂದುಕೊಳ್ಳಿ. ಅಲ್ಲಿ ಹಾಗೊಬ್ಬರು ಇಲ್ಲ, 550 (ಮೇಲ್ ತಗೊಳ್ಳಲ್ಲ ಅನ್ನುವ ಕೋಡ್) ಅಂತ ವಾಪಸ್. ಆಗ ಬ್ಯಾಕಪ್, ಮೇಲ್ ತಲುಪಲಿಲ್ಲ ಅಂತ ಕಳಿಸಿದವರಿಗೆ ಪತ್ರ ಬರೆಯುತ್ತದೆ. ಕಳಿಸಿದವರ ವಿಳಾಸವೇ ಸುಳ್ಳು, ಅದು ಇನ್ಯಾರೋ ಪಾಪದವರದ್ದು. ಅವರ ಇನ್‌ಬಾಕ್ಸ್‌ಗೆ ನಮ್ಮ ಕಸ ಹೋಗಿ ಬೀಳುತ್ತದೆ. ಇದನ್ನು ಬ್ಯಾಕ್‌ಸ್ಕ್ಯಾಟರ್ ಅನ್ನುತ್ತಾರೆ, ಇದು ಜಾಸ್ತಿಯಾದರೆ ನಮ್ಮ ಐಪಿ ಬ್ಲ್ಯಾಕ್‌ಲಿಸ್ಟ್‌ಗೆ ಹೋಗುತ್ತದೆ.

ಅದಕ್ಕೆ ಬ್ಯಾಕಪ್‌ಗೆ ನಮ್ಮ ವಿಳಾಸಗಳ ಪೂರ್ತಿ ಪಟ್ಟಿ ಕೊಟ್ಟೆ. ಪೋಸ್ಟ್‌ಫಿಕ್ಸ್‌ನಲ್ಲಿ ರಿಲೇ ಡೊಮೇನ್ಸ್ ಅನ್ನೋ ಸೆಟ್ಟಿಂಗ್‌ಗೆ ಡೊಮೇನ್ ಹೆಸರು, ರಿಲೇ ರೆಸಿಪಿಯೆಂಟ್ ಮ್ಯಾಪ್ಸ್ ಅನ್ನೋದಕ್ಕೆ ಈ ಪಟ್ಟಿ. ಎರಡನೆಯದನ್ನು ಖಾಲಿ ಬಿಟ್ಟರೆ ಆ ಡೊಮೇನ್‌ನ ಯಾವ ಹೆಸರಿಗೆ ಬಂದರೂ ಪೋಸ್ಟ್‌ಫಿಕ್ಸ್ ತಗೊಳ್ಳುತ್ತದೆ, ಮತ್ತು ಮೊದಲಿನಿಂದ ಅದು ಖಾಲಿಯೇ ಇರುತ್ತದೆ, ನೆನಪಿರಲಿ. ಮುಖ್ಯ ಸರ್ವರ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬಳಕೆದಾರರು, ಅಲಿಯಾಸ್‌ಗಳು (ಅದೇ ಮೇಲ್‌ಬಾಕ್ಸ್‌ಗೆ ಹೋಗುವ ಬೇರೆ ವಿಳಾಸಗಳು), ಗುಂಪಿನ ವಿಳಾಸಗಳನ್ನೆಲ್ಲಾ ಒಟ್ಟುಮಾಡಿ ಗಂಟೆಗೊಮ್ಮೆ ಎಸ್‌ಎಸ್‌ಎಚ್ (ಗೂಢಲಿಪಿಯ ಸಂಪರ್ಕ) ಮೇಲೆ ಬ್ಯಾಕಪ್‌ಗೆ ಕಳಿಸುತ್ತದೆ, ಅಲ್ಲಿ ಪಟ್ಟಿಯನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಓಡುತ್ತದೆ. ಸ್ಕ್ರಿಪ್ಟ್‌ನಲ್ಲಿ ಒಂದು ತಡೆ ಇಟ್ಟಿದ್ದೇನೆ: ಹೊಸ ಪಟ್ಟಿ ಖಾಲಿಯಿದ್ದರೆ ಅಥವಾ ಹಳೆಯದಕ್ಕಿಂತ ತುಂಬಾ ಚಿಕ್ಕದಿದ್ದರೆ ಹಳೆಯದನ್ನು ಮುಟ್ಟದೆ ನನಗೆ ಎಚ್ಚರಿಕೆ ಕಳಿಸಬೇಕು. ಡೇಟಾಬೇಸ್ ಸಿಗದ ಹೊತ್ತಲ್ಲಿ ಅರೆಬರೆ ಪಟ್ಟಿ ಹೋದರೆ ಕೆಲಸದ ಮೇಲ್‌ಗಳೇ ವಾಪಸ್ ಹೋಗುತ್ತವಲ್ವಾ. ಪಟ್ಟಿ ಇಲ್ಲದೆ, ವಿಳಾಸ ಇದೆಯಾ ಅಂತ ಮುಖ್ಯ ಸರ್ವರನ್ನೇ ಕೇಳಿ ಉತ್ತರ ನೆನಪಿಟ್ಟುಕೊಳ್ಳುವ ದಾರಿಯೂ ಪೋಸ್ಟ್‌ಫಿಕ್ಸ್‌ನಲ್ಲಿದೆ. ಆದರೆ ಮುಖ್ಯ ಸರ್ವರ್ ಬಿದ್ದಿರುವಾಗ, ಹಿಂದೆಂದೂ ಕೇಳದ ವಿಳಾಸದ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಬ್ಯಾಕಪ್ ಬೇಕಾಗುವುದೇ ಆ ಹೊತ್ತಿಗೆ, ಹಾಗಾಗಿ ನನಗೆ ಪಟ್ಟಿಯೇ ಸರಿ ಕಂಡಿತು.

ಸ್ಪ್ಯಾಮ್ ತಡೆಯುವ ನಿಯಮಗಳು, ಎಸ್‌ಪಿಎಫ್ ಪರೀಕ್ಷೆ (ಆ ಡೊಮೇನ್ ಪರವಾಗಿ ಮೇಲ್ ಕಳಿಸೋಕೆ ಆ ಐಪಿಗೆ ಅನುಮತಿ ಇದೆಯಾ ಅಂತ ನೋಡುವುದು), ಬ್ಲ್ಯಾಕ್‌ಲಿಸ್ಟ್ ಎಲ್ಲಾ ಬ್ಯಾಕಪ್‌ನಲ್ಲೂ ಹಾಗೇ ಹಾಕಿದೆ. ಮುಖ್ಯ ಸರ್ವರ್‌ನಲ್ಲಿ ಇದಕ್ಕೆ ಉಲ್ಟಾ ಕೆಲಸ ಮಾಡಬೇಕು: ಬ್ಯಾಕಪ್‌ನ ಐಪಿಯಿಂದ ಬಂದದ್ದಕ್ಕೆ ಎಸ್‌ಪಿಎಫ್, ಗ್ರೇಲಿಸ್ಟಿಂಗ್ (ಹೊಸಬರಿಗೆ ಮೊದಲ ಸಲ ಆಮೇಲೆ ಬನ್ನಿ ಅನ್ನುವುದು) ಬೇಡ, ಕನೆಕ್ಷನ್ ಮಿತಿಯೂ ಬೇಡ ಅಂತ ಹೇಳಬೇಕು. ಗ್ರಾಹಕರೊಬ್ಬರ ಮೇಲ್ ಬ್ಯಾಕಪ್ ಮೂಲಕ ಬಂದರೆ ಮುಖ್ಯ ಸರ್ವರ್‌ಗೆ ಕಾಣುವುದು ಬ್ಯಾಕಪ್‌ನ ಐಪಿ, ಅದು ಗ್ರಾಹಕರ ಎಸ್‌ಪಿಎಫ್ ಪಟ್ಟಿಯಲ್ಲಿ ಎಲ್ಲಿಂದ ಇರಬೇಕು? ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ಇಂಟರ್ನಲ್ ನೆಟ್‌ವರ್ಕ್ಸ್, ಟ್ರಸ್ಟೆಡ್ ನೆಟ್‌ವರ್ಕ್ಸ್ ಎರಡಕ್ಕೂ ಬ್ಯಾಕಪ್‌ನ ಐಪಿ ಸೇರಿಸಿದರೆ, ಅದು ಮೇಲ್‌ನ ತಲೆಭಾಗದಲ್ಲಿ ಪ್ರತಿ ಸರ್ವರ್ ಬರೆಯುವ ರಿಸೀವ್ಡ್ ಸಾಲುಗಳಲ್ಲಿ ಹಿಂದಿನದನ್ನು ನೋಡಿ ನಿಜವಾಗಿ ಕಳಿಸಿದ ಐಪಿಯನ್ನೇ ಲೆಕ್ಕಕ್ಕೆ ತಗೊಳ್ಳುತ್ತದೆ. ಡಿಕಿಮ್ ಸಹಿಗೆ (ಕಳಿಸುವ ಡೊಮೇನ್ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ತೊಂದರೆ ಇಲ್ಲ, ಬ್ಯಾಕಪ್ ಮೇಲ್‌ನ ಒಳಗೆ ಏನೂ ಬದಲಿಸದಿದ್ದರೆ ಸಾಕು.

ಮೇಲ್‌ನ ಗರಿಷ್ಠ ಗಾತ್ರ ಎರಡರಲ್ಲೂ ಒಂದೇ ಇರಲಿ. ಪೋಸ್ಟ್‌ಫಿಕ್ಸ್ ಸುಮ್ನೆ ಇನ್‌ಸ್ಟಾಲ್ ಮಾಡಿದರೆ ಅದು ಸುಮಾರು 10 ಎಂಬಿ. ಮುಖ್ಯ ಸರ್ವರ್‌ನಲ್ಲಿ ನಾವು ಅದನ್ನು ಹೆಚ್ಚಿಸಿದ್ದೆವು, ಬ್ಯಾಕಪ್‌ನಲ್ಲೂ ಅಷ್ಟೇ ಮಾಡಿದೆ. ಕ್ಯೂನಲ್ಲಿ ಮೇಲ್ ಉಳಿಯುವ ಅವಧಿ 5 ದಿನ ಇರುತ್ತದೆ, ಅದನ್ನು 10ಕ್ಕೆ ಏರಿಸಿದೆ. ಹಾರ್ಡ್‌ವೇರ್ ಕೆಟ್ಟು ಮಧ್ಯೆ ರಜೆಗಳು ಬಂದರೆ 5 ದಿನ ಸಾಲದೇ ಹೋಗಬಹುದು. ಇದಕ್ಕಿಂತ ಜಾಸ್ತಿ ಇಡುವುದು ನನಗೆ ಸರಿ ಅನ್ನಿಸುವುದಿಲ್ಲ, ಕಳಿಸಿದವರು ಮೇಲ್ ತಲುಪಿತು ಅಂತಲೇ ತಿಳಿದುಕೊಂಡಿರುತ್ತಾರೆ.

ಎಲ್ಲಾ ಆದ ಮೇಲೆ, ಕೆಲಸದ ಹೊತ್ತು ಮುಗಿದ ಮೇಲೆ, ಮುಖ್ಯ ಸರ್ವರ್‌ನ 25ನೇ ಪೋರ್ಟನ್ನು ಫೈರ್‌ವಾಲ್‌ನಲ್ಲಿ ಮುಚ್ಚಿ ಹೊರಗಿನ ಬೇರೆ ಅಕೌಂಟ್‌ನಿಂದ ನನ್ನ ವಿಳಾಸಕ್ಕೆ ಮೇಲ್ ಕಳಿಸಿದೆ. ಬ್ಯಾಕಪ್‌ನಲ್ಲಿ ಮೇಲ್‌ಕ್ಯೂ ಕಮಾಂಡ್ ಕೊಟ್ಟರೆ ಕ್ಯೂ ಐಡಿ, ಗಾತ್ರ, ಕಳಿಸಿದವರ ವಿಳಾಸ, ಕೆಳಗೆ ಬ್ರ್ಯಾಕೆಟ್‌ನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’. ಅದಾದ ಮೇಲೆ ಇಲ್ಲದ ವಿಳಾಸವೊಂದಕ್ಕೆ ಕಳಿಸಿದೆ. ಬ್ಯಾಕಪ್ ಬಾಗಿಲಲ್ಲೇ ತಡೆದು 550 ಕೊಟ್ಟಿತು, ಲಾಗ್‌ನಲ್ಲಿ ‘ಯೂಸರ್ ಅನ್‌ನೋನ್ ಇನ್ ರಿಲೇ ರೆಸಿಪಿಯೆಂಟ್ ಟೇಬಲ್’ ಅಂತ ಸಾಲು ಬಿತ್ತು. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಿದ್ದದ್ದು ಆ ಸಾಲು. ಬೇರೆ ಡೊಮೇನ್‌ನ ವಿಳಾಸ ಕೊಟ್ಟೂ ನೋಡಿದೆ, ‘ರಿಲೇ ಆಕ್ಸೆಸ್ ಡಿನೈಡ್’ ಅಂದಿತು. ಆಮೇಲೆ ಪೋರ್ಟ್ ತೆರೆದು ಪೋಸ್ಟ್‌ಕ್ಯೂಗೆ ಮೈನಸ್ ಎಫ್ (ಕ್ಯೂನಲ್ಲಿದ್ದದ್ದನ್ನು ಈಗಲೇ ಕಳಿಸು ಅನ್ನುವ ಕಮಾಂಡ್) ಕೊಟ್ಟೆ, ಕ್ಯೂ ಖಾಲಿಯಾಗಿ ಮೇಲ್ ಇನ್‌ಬಾಕ್ಸ್‌ಗೆ ಬಂತು. ಸ್ಪ್ಯಾಮ್ ಫೋಲ್ಡರ್‌ಗಲ್ಲ, ಇನ್‌ಬಾಕ್ಸ್‌ಗೇ ಬಂತಾ ಅಂತ ನೋಡಿಕೊಳ್ಳಿ. ಬ್ಯಾಕಪ್‌ನ ಐಪಿಗೆ ವಿನಾಯಿತಿ ಕೊಟ್ಟದ್ದು ಸರಿಯಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಹೀಗೆ ಹಾಕಿದ ಬ್ಯಾಕಪ್ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಹುದು, ಅದಕ್ಕೆ ಅದರ ಮೇಲೂ ಕಾವಲು ಬೇಕು. ಕ್ಯೂನಲ್ಲಿ ಮೇಲ್ ಸೇರಿಕೊಂಡರೆ, ಡಿಸ್ಕ್ ತುಂಬುತ್ತಾ ಬಂದರೆ, ವಿಳಾಸದ ಪಟ್ಟಿ ಒಂದು ದಿನಕ್ಕಿಂತ ಹಳೆಯದಾದರೆ, ಟಿಎಲ್‌ಎಸ್ (ಗೂಢಲಿಪಿಯಲ್ಲಿ ಮೇಲ್ ಸಾಗಿಸುವ ವಿಧಾನ) ಸರ್ಟಿಫಿಕೇಟ್ ಅವಧಿ ಮುಗಿಯುತ್ತಾ ಬಂದರೆ ನನ್ನ ಫೋನ್‌ಗೆ ಎಸ್‌ಎಂಎಸ್ ಬರುತ್ತದೆ. ಈ ಎಚ್ಚರಿಕೆಗಳನ್ನು ಅದೇ ಡೊಮೇನ್‌ನ ಮೇಲ್‌ಗೆ ಕಳಿಸುವಂತೆ ಇಡಬೇಡಿ.