ತಮಿಳುನಾಡಿನ ಹೊಸೂರು ಅಥವಾ ಪುದುಚೇರಿಯಲ್ಲಿ ಹೊಸ ಕಾರು ತಗೊಳ್ಳೋ ಯೋಚನೆ ಇದೆಯಾ?

ಗೆಳೆಯರೇ, ಬೇರೆ ರಾಜ್ಯದ ಆನ್‌ರೋಡ್ ಬೆಲೆ (ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿದ ಬೆಲೆ) ನೋಡಿ ಅಡ್ವಾನ್ಸ್ ಕೊಡಬೇಡಿ. ಅಲ್ಲಿ ಕಡಿಮೆ ಕಾಣುವುದು ಹೆಚ್ಚಾಗಿ ರೋಡ್ ಟ್ಯಾಕ್ಸ್‌ನಿಂದ. ಜಿಎಸ್‌ಟಿ ದರ ದೇಶಕ್ಕೆಲ್ಲ ಒಂದೇ, ಹಾಗಾಗಿ ಎಕ್ಸ್ ಶೋರೂಮ್ ಬೆಲೆಯಲ್ಲಿ (ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿಸುವ ಮೊದಲಿನ ಬೆಲೆ) ಅಂಥ ವ್ಯತ್ಯಾಸ ಇರುವುದಿಲ್ಲ.

ನಮ್ಮ ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಲೈಫ್ ಟ್ಯಾಕ್ಸ್ (ಒಂದೇ ಸಲ ಕಟ್ಟುವ ರೋಡ್ ಟ್ಯಾಕ್ಸ್) 17%. ಅಂದರೆ 12 ಲಕ್ಷದ ಕಾರಿಗೆ 2,04,000 ರೂಪಾಯಿ, ಸೆಸ್ ಬೇರೆ. ಕಾರು ಇಲ್ಲೇ ಓಡುವುದಾದರೆ ಇದು ತಪ್ಪುವುದಿಲ್ಲ. ಪರಿಚಯದವರ ವಿಳಾಸ ಕೊಟ್ಟು ಅಲ್ಲಿ ನೋಂದಣಿ ಮಾಡಿಸಿದರೆ ಕಾನೂನಿನ ಪ್ರಕಾರ ತಪ್ಪು. 12 ತಿಂಗಳಿಗಿಂತ ಜಾಸ್ತಿ ಇಲ್ಲಿಟ್ಟರೆ ಮರುನೋಂದಣಿ ಮಾಡಿಸಲೇಬೇಕು. ಆಗ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಇಲ್ಲಿಯ ಟ್ಯಾಕ್ಸ್, ಆಮೇಲೆ ಅಲ್ಲಿ ಕಟ್ಟಿದ್ದರ ರೀಫಂಡಿಗೆ ಅಲೆದಾಟ. ಸುಮ್ನೆ ಯಾಕೆ ಬೇಕು, ಅಲ್ವಾ?

ಹಾಗಂತ ಅಲ್ಲಿ ಕೊಳ್ಳಲೇಬಾರದು ಅಂತಲ್ಲ. ಡೀಲರ್ ಹತ್ತಿರ ಹಳೇ ಸ್ಟಾಕ್ ಇದ್ದರೆ ನಿಜವಾಗಿಯೂ ಒಳ್ಳೆ ರಿಯಾಯಿತಿ ಸಿಗುತ್ತದೆ. ಆಗ ತಾತ್ಕಾಲಿಕ ನೋಂದಣಿ ಮಾಡಿಸಿ, ಇನ್ಶೂರೆನ್ಸ್‌ಗೆ ನಿಮ್ಮ ಇಲ್ಲಿಯ ವಿಳಾಸವನ್ನೇ ಕೊಡಿ. ಇನ್‌ವಾಯ್ಸ್, ಫಾರ್ಮ್ 21 (ಮಾರಾಟದ ಪ್ರಮಾಣಪತ್ರ), ಫಾರ್ಮ್ 22 (ಕಾರು ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ) ಕೈಗೆ ಬಂದ ಮೇಲೆಯೇ ಹೊರಡಿ. ಫಾರ್ಮ್ 21ರಲ್ಲಿರುವ ಚಾಸಿಸ್ ನಂಬರನ್ನು ಕಾರಿನ ಮೇಲಿನದರ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಒಂದು ಅಂಕಿ ತಪ್ಪಿದರೂ ಇಲ್ಲಿ ನೋಂದಣಿ ನಿಲ್ಲುತ್ತದೆ.

ಅಡ್ವಾನ್ಸ್‌ಗೆ ಮೊದಲು ಆ ಕೊಟೇಶನ್ನನ್ನು ನಿಮ್ಮೂರಿನ ಡೀಲರ್‌ಗೆ ತೋರಿಸಿ, ಎಕ್ಸ್ ಶೋರೂಮ್ ಬೆಲೆ ಮೇಲೆ ಮಾತ್ರ ಚೌಕಾಸಿ ಮಾಡಿ. ಎಷ್ಟೋ ಸಲ ಅವರೇ ಇಳಿಸಿ ಕೊಡುತ್ತಾರೆ.